ಎಡೆದೊರೆಯ ನೆಲಮಾಳಿಗೆಗಳು

ಕೃಷ್ಣೆ ತುಂಗಭದ್ರೆಯರ ನಡುವಣ ಬಯಲನ್ನು ನಮ್ಮ ಹಿಂದಿನವರು ಎಡೆದೊರೆ ನಾಡೆಂದು ಕರೆದರು. ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳು ಈ ಬಯಲಿನಲ್ಲಿ ಒಂದೇ ಹೆದ್ದಾರಿಯ ಮೇಲೆ, ಒಂದರಿಂದೊಂದಕ್ಕೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಇವೆ. ಹಂಪೆಗೆ ಬಂದ ಪ್ರವಾಸಿಗಳು ಅಲ್ಲಿಂದಲೇ ಹಿಂದಿರುಗುತ್ತಾರೆ. ಹೊಳೆಯನ್ನು ದಾಟಿ ಈ ಕಡೆಗೆ ಬರುವವರು ವಿರಳ. ಕಪ್ಪು ನೆಲ, ನಡುನಡುವೆ ಯಾರೋ ಒಟ್ಟಿಟ್ಟಂತೆ ಕಾಣುವ ಬಂಡೆಗಲ್ಲಿನ ಗುಡ್ಡಗಳು, ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ಸುಲಭವಾಗಿ ದಾಟುವ ಬಿಸಿಲು. ವಿಹಾರಕ್ಕೆ ಹೊರಟವರನ್ನು ಕೈಬೀಸಿ ಕರೆಯುವ ನಾಡು ಇದಲ್ಲ.

ಇಂತಹ ನಾಡಿನಲ್ಲಿ ನಿಂತು ಪೋರ್ಚುಗಲ್ಲಿನ ಹಳೆಯ ಕೆಂಪು ವೈನಿನ ಮಾತೆತ್ತಿದರೆ ಓದುಗರು ನಕ್ಕಾರು. ಆದರೆ ನಮ್ಮ ದೊಡ್ಡ ನಗರಗಳಲ್ಲಿ ಈಗ ಅಂತಹ ಸೀಸೆಗಳನ್ನು ಕೂಡಿಟ್ಟು ಹಳತಾಗಿಸುವ ಹವ್ಯಾಸಿಗಳಿದ್ದಾರೆ. ಅವರ ಸಂಗ್ರಹವನ್ನು ಕಂಡು, ಇದೇನು ಶ್ರೀಮಂತರ ಹುಚ್ಚೆಂದು ಬೆರಗಾಗುವವರೂ ಇದ್ದಾರೆ. ಕುಡಿಯುವುದು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ಇಲ್ಲಿ ಬೇಡ. ವಸ್ತುವೊಂದು ಕೆಡದೆ ಹಳತಾಗಬೇಕಾದರೆ ಏನು ಬೇಕು, ಆ ಹಳತಿನ ಫಲ ಯಾರಿಗೆ ದಕ್ಕುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಈ ಮೂರು ಊರುಗಳ ದಾರಿಯಲ್ಲಿ ನಡೆದರೆ, ಪೋರ್ಚುಗಲ್ಲೂ ಎಡೆದೊರೆಯೂ ನಾವು ತಿಳಿದಷ್ಟು ದೂರದಲ್ಲಿಲ್ಲವೆಂಬುದು ಮನವರಿಕೆಯಾಗುತ್ತದೆ.

ಮುದಗಲ್ಲಿಗೆ ಬಂದ ಪೀಪಾಯಿ

ಲಿಂಗಸುಗೂರಿನಿಂದ ಪಡುವಣ ದಿಕ್ಕಿಗೆ ತಿರುಗಿದರೆ ಅದೇ ತಾಲೂಕಿನ ಮುದಗಲ್ಲು ಸಿಕ್ಕುತ್ತದೆ. ಬಹಮನಿಗಳು, ವಿಜಯನಗರದವರು, ಬಿಜಾಪುರದವರು ಒಬ್ಬರ ಕೈಯಿಂದೊಬ್ಬರು ಕಿತ್ತುಕೊಂಡ ಕೋಟೆ ಇದು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರಿಗೆ ಮುತ್ತಿಗೆ ಹಾಕಿದಾಗ ಕುದುರೆಗಳೊಂದಿಗೆ ಬಂದಿದ್ದ ಕ್ರಿಸ್ತೋವಾಂವ್ ದ ಫಿಗೆಯ್ರೆದು ಎಂಬ ಪೋರ್ಚುಗೀಸನು ತನ್ನ ಸಂಗಡಿಗರೊಡನೆ ಕೋವಿ ಹಿಡಿದು, ಕೋಟೆಯ ಮೇಲಿದ್ದವರಿಗೆ ತಲೆಯೆತ್ತಲು ಬಿಡಲಿಲ್ಲವೆಂದು ಕುದುರೆ ವ್ಯಾಪಾರಿ ನೂನಿಜನು ಬರೆದಿಟ್ಟಿದ್ದಾನೆ. ಅದೇ ಕಾಲದ ಇನ್ನೊಬ್ಬ ಪೋರ್ಚುಗೀಸ ಪಯಣಿಗ ಪಾಯೆಸನು ವಿಜಯನಗರದ ಪೇಟೆಯ ಹಣ್ಣುಗಳನ್ನು ಎಣಿಸುವಾಗ ದ್ರಾಕ್ಷಿಯನ್ನೂ ಹೆಸರಿಸುತ್ತಾನೆ.

ಕೋವಿಯವರ ಹಿಂದೆಯೇ ಪಾದ್ರಿಗಳೂ ಬಂದರು. ಮುದಗಲ್ಲಿನಲ್ಲಿ ಕಥೋಲಿಕ ಕ್ರೈಸ್ತರ ಹಳೆಯ ನೆಲೆಯೊಂದಿದೆ. ಅದರ ಮೂಲವನ್ನು ೧೬ನೆಯ ಶತಮಾನದ ನಡುವೆ ಗೋವೆಯ ಕಡೆಯಿಂದ ಬಂದ ಪಾದ್ರಿಗಳ ಕಾಲಕ್ಕೆ ಹೇಳುವುದು ವಾಡಿಕೆ. ಅವರ ಪೂಜಾವಿಧಿಗೆ ದ್ರಾಕ್ಷಿಯ ವೈನು ಅನಿವಾರ್ಯ. ಅದು ಅಪ್ಪಟ ದ್ರಾಕ್ಷಿಯದಾಗಿರಬೇಕು, ಕೆಟ್ಟು ಹುಳಿಯಾಗಿರಬಾರದು ಎಂಬುದು ಆ ಧರ್ಮದ ಕಟ್ಟಳೆ. ಘಟ್ಟವನ್ನು ಹತ್ತಿ, ಬಯಲನ್ನು ದಾಟಿ, ಎಡೆದೊರೆಯ ಬಿಸಿಲಿಗೆ ಬಂದ ವೈನು ಕೆಡದಂತೆ ಇಟ್ಟುಕೊಳ್ಳುವ ಚಿಂತೆ ಆ ಪಾದ್ರಿಗಳನ್ನು ಕಾಡದೆ ಇದ್ದೀತೆ? ಹವ್ಯಾಸಿಗಳಿಗಿಂತ ನಾಲ್ಕು ಶತಮಾನ ಮೊದಲೇ ಈ ಪ್ರಶ್ನೆ ಮುದಗಲ್ಲಿಗೆ ಬಂದಿರಬೇಕು. ಕನ್ನಡದ ‘ಪೀಪಾಯಿ’ ಎಂಬ ಮಾತೇ ಪೋರ್ಚುಗೀಸರ ‘ಪೀಪ’ದಿಂದ ಬಂದದ್ದು. ಬೀಗದ ‘ಚಾವಿ’, ಬಟ್ಟೆಯ ‘ಅಲಮಾರು’, ‘ಪಾದ್ರಿ’ ಇವೂ ಅದೇ ಹಡಗಿನಲ್ಲಿ ಇಳಿದ ಸರಕುಗಳು.

ಹಡಗಿನಲ್ಲಿ ಬಂದ ವೈನಿನ ಕಥೆ ಸ್ವಾರಸ್ಯವಾದದ್ದು. ಸಾಮಾನ್ಯವಾಗಿ ಊಟದೊಡನೆ ಸೇವಿಸುವ ಕೆಂಪು ವೈನಿಗೆ ಸೆಕೆಯೇ ಶತ್ರು. ಹನ್ನೆರಡು ಹದಿಮೂರು ಡಿಗ್ರಿಯ ತಂಪಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಬಾಳಬಲ್ಲ ಸೀಸೆಯು ನಮ್ಮ ಒಂದು ಬೇಸಗೆಯಲ್ಲಿ ಬೆಂದುಹೋಗುತ್ತದೆ. ಬಿರಡೆ ಉಬ್ಬಿ ಮೇಲೇಳುತ್ತದೆ. ಆದರೆ ಮದೈರ ದ್ವೀಪದ ವೈನಿನ ಗತಿ ಬೇರೆ. ಅದಕ್ಕೆ ಬ್ರಾಂದಿ ಬೆರೆಸಿ ಗಟ್ಟಿ ಮಾಡುವ ಪದ್ಧತಿ ೧೮ನೆಯ ಶತಮಾನದಲ್ಲಿ ನೆಲೆಗೊಂಡಿತು. ಭಾರತಕ್ಕೆ ಹೊರಟ ಹಡಗುಗಳಲ್ಲಿ ಆ ಪೀಪಾಯಿಗಳು ಭೂಮಧ್ಯರೇಖೆಯ ಬಿಸಿಲನ್ನು ಹಾದು, ಮರಳಿ ಬಂದಾಗ ರುಚಿ ಕೆಟ್ಟಿರಲಿಲ್ಲ, ಹೆಚ್ಚಿತ್ತು. ಸುತ್ತಿ ಬಂದ ವೈನೆಂಬ ಅರ್ಥದಲ್ಲಿ ಅದಕ್ಕೆ ‘ವಿನ್ಯು ದ ರೋದ’ ಎಂಬ ಹೆಸರೇ ಬಂದು, ಹೆಚ್ಚಿನ ಬೆಲೆ ಸಿಕ್ಕಿತು. ಮುಂದೆ ಹಡಗು ಹತ್ತಿಸುವ ಬದಲು ದ್ವೀಪದಲ್ಲಿಯೇ ಬೆಚ್ಚನೆಯ ಅಟ್ಟಗಳಲ್ಲಿ ಇಟ್ಟು ಅದೇ ಗುಣವನ್ನು ಬರಿಸಿದರು. ಒಂದೇ ಸೆಕೆ ಒಂದನ್ನು ಕೆಡಿಸಿತು, ಇನ್ನೊಂದನ್ನು ಪಕ್ವಗೊಳಿಸಿತು. ಹಳತಾಗುವುದಕ್ಕೆ ವಸ್ತುವಿನ ಒಳಗೆ ಮೊದಲೇ ಸತ್ವವಿರಬೇಕೆಂಬ ಮೊದಲ ಪಾಠ ಇದು.

ಒಗರು, ಹುಳಿ ಮತ್ತು ತಾಳ್ಮೆ

ಕೆಂಪು ವೈನಿಗೆ ಆ ಸತ್ವವನ್ನು ಕೊಡುವುದು ಒಗರು ಮತ್ತು ಹುಳಿ. ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಬರುವ ಒಗರಿನ ಅಂಶಗಳು ವರ್ಷಗಳು ಕಳೆದಂತೆ ಒಂದಕ್ಕೊಂದು ಕೂಡಿ ಭಾರವಾಗಿ ಗಸಿಯಾಗಿ ತಳಕ್ಕಿಳಿಯುತ್ತವೆ. ನೇರಳೆ ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ನಾಲಗೆಯನ್ನು ಹಿಂಡುತ್ತಿದ್ದ ರಸ ಮೃದುವಾಗುತ್ತದೆ. ಪೋರ್ಚುಗಲ್ಲಿನ ಬೈರ್ರಾದ ಸೀಮೆಯ ‘ಬಾಗ’ ಎಂಬ ದ್ರಾಕ್ಷಿ ಎಳೆತನದಲ್ಲಿ ಬಾಯಿಗಿಡಲಾರದಷ್ಟು ಒಗರು. ಅಂತಹುದೇ ಹತ್ತಿಪ್ಪತ್ತು ವರ್ಷಗಳ ನಂತರ ರಸಿಕರು ಹುಡುಕಿ ತರುವ ವೈನಾಗುತ್ತದೆ. ಎಳೆಯ ಮಾವಿನ ಮಿಡಿಯನ್ನು ಉಪ್ಪಿನಲ್ಲಿಟ್ಟು ವರ್ಷಗಟ್ಟಲೆ ಕಾಯುವ ನಮ್ಮ ಗೃಹಿಣಿಯರಿಗೆ ಈ ರಹಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ತುಪ್ಪ, ಹಳೆಯ ಜೇನು, ಹಳೆಯ ಅಕ್ಕಿಗಳ ಗುಣವನ್ನು ನಮ್ಮ ವೈದ್ಯಶಾಸ್ತ್ರವೂ ಬೇರೆಯಾಗಿಯೇ ಎಣಿಸಿದೆ.

ಎಡೆದೊರೆಯ ಬಿಸಿಲಿಗೆ ಅಂಜುವವರು ದೋರು ನದಿಯ ಮೇಲುಕಣಿವೆಯ ಕಥೆಯನ್ನು ಕೇಳಬೇಕು. ಸ್ಪೇನಿನ ಗಡಿಯ ಸಮೀಪದ ಆ ಕಲ್ಲುಬೆಟ್ಟಗಳಲ್ಲಿಯೂ ಬೇಸಗೆ ನಲವತ್ತು ಡಿಗ್ರಿಯನ್ನು ಮುಟ್ಟುತ್ತದೆ. ೧೯೫೨ರಲ್ಲಿ ಫೆರ್ನಾಂದು ನಿಕೊಲಾವ್ ದ ಅಲ್ಮೈದ ಎಂಬ ತಜ್ಞನು ಅಲ್ಲಿಯ ದ್ರಾಕ್ಷಿಯಿಂದ ಬ್ರಾಂದಿ ಬೆರೆಸದ, ದೀರ್ಘಾಯುಷ್ಯದ ಕೆಂಪು ವೈನನ್ನು ಮಾಡಹೊರಟನು. ಹುದುಗು ಬರುವಾಗ ರಸ ಕಾದರೆ ಸತ್ವ ಹಾಳು. ಆ ತೋಟಕ್ಕೆ ವಿದ್ಯುತ್ತು ಬಂದಿರಲಿಲ್ಲ. ಅವನು ಕಡಲತೀರದ ಕಡೆಯಿಂದ ಲಾರಿಗಳಲ್ಲಿ ಮಂಜುಗಡ್ಡೆಯನ್ನು ತರಿಸಿ ರಸವನ್ನು ತಂಪಾಗಿಟ್ಟನು. ಹೀಗೆ ಹುಟ್ಟಿದ ‘ಬಾರ್ಕ ವೆಲ್ಯ’ವು ಇಂದು ಪೋರ್ಚುಗಲ್ಲಿನ ಅತಿ ಹೆಸರಾದ ಕೆಂಪು ವೈನುಗಳಲ್ಲಿ ಒಂದು. ಒಂದು ವರ್ಷದ ಬೆಳೆ ಆ ಹೆಸರಿಗೆ ತಕ್ಕದ್ದೇ ಎಂಬುದನ್ನು ಅವರು ಏಳೆಂಟು ವರ್ಷ ಸೀಸೆಯಲ್ಲಿಟ್ಟು ನೋಡಿ ತೀರ್ಮಾನಿಸುತ್ತಾರೆ. ತಕ್ಕದ್ದಲ್ಲವೆಂದು ಕಂಡರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಎಪ್ಪತ್ತು ವರ್ಷಗಳಲ್ಲಿ ಆ ಹೆಸರನ್ನು ಪಡೆದ ಬೆಳೆಗಳು ಇಪ್ಪತ್ತರ ಆಸುಪಾಸು ಮಾತ್ರ.

ಲಿಸ್ಬನ್ನಿನ ಸಮೀಪದ ಕಡಲಂಚಿನ ಕೊಲಾರೆಶದ ವೈನು ಇನ್ನೂ ಅಪರೂಪ. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಬೇರನ್ನು ತಿನ್ನುವ ಕೀಟವೊಂದು ಯೂರೋಪಿನ ದ್ರಾಕ್ಷಿ ತೋಟಗಳನ್ನು ನಾಶಮಾಡಿದಾಗ, ಮರಳಿನಲ್ಲಿ ಆ ಹುಳು ಬದುಕಲಾರದೆ ಕೊಲಾರೆಶದ ಬಳ್ಳಿಗಳು ಉಳಿದವು. ಮರಳಿನ ಅಡಿಯ ಜೇಡಿಮಣ್ಣಿಗೆ ಬಳ್ಳಿಯ ಬುಡವನ್ನು ಇಳಿಸಲು ಆಳವಾದ ಕಂದಕ ತೋಡಬೇಕು. ಮರಳು ಕುಸಿದು ಮೈಮೇಲೆ ಬಿದ್ದರೆ ಉಸಿರಾಡಲು ಎಡೆಯಿರಲೆಂದು ಕೂಲಿಗಳು ತಲೆಯ ಮೇಲೆ ಬುಟ್ಟಿ ಕವುಚಿಕೊಂಡು ದುಡಿಯುತ್ತಿದ್ದರಂತೆ.

ಸೀಸೆಯ ಬಾಯಿಗಿಡುವ ಬಿರಡೆಗೂ ತಾಳ್ಮೆ ಬೇಕು. ಜಗತ್ತಿನ ಕಾರ್ಕಿನಲ್ಲಿ ಅರ್ಧದಷ್ಟನ್ನು ಪೋರ್ಚುಗಲ್ಲೇ ಒದಗಿಸುತ್ತದೆ. ಆ ಮರಕ್ಕೆ ಇಪ್ಪತ್ತೈದು ವರ್ಷವಾದ ಮೇಲೆ ಮೊದಲ ತೊಗಟೆ, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಒಳ್ಳೆಯ ಬಿರಡೆಗೆ ಮೂರನೆಯ ತೊಗಟೆಯೇ ಆಗಬೇಕು. ಮರ ನೆಟ್ಟವನು ಬಿರಡೆಯನ್ನು ಕಾಣುವ ಹೊತ್ತಿಗೆ ನಲವತ್ತು ವರ್ಷ ದಾಟಿರುತ್ತದೆ.

ಮಸ್ಕಿಯ ಹೆಸರು

ಲಿಂಗಸುಗೂರಿಗೆ ಮರಳಿ ತೆಂಕಣದ ದಾರಿ ಹಿಡಿದರೆ ಮಸ್ಕಿ. ಇಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಅಶೋಕನ ಶಾಸನವಿದೆ. ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಚಿನ್ನದ ನೆಲೆಯನ್ನು ಅರಸುತ್ತ ಬಂದು ಇದನ್ನು ಕಂಡನು. ಬಂಗಾರವನ್ನು ಹುಡುಕಿದವನಿಗೆ ಬಂಗಾರಕ್ಕಿಂತ ಮಿಗಿಲಾದದ್ದು ಸಿಕ್ಕಿತು.

ಅದುವರೆಗೆ ದೊರೆತ ಶಾಸನಗಳಲ್ಲೆಲ್ಲ ‘ದೇವರಿಗೆ ಪ್ರಿಯನಾದ ಪ್ರಿಯದರ್ಶಿ’ ಎಂಬ ಬಿರುದುಗಳೇ ಇದ್ದವು. ಆ ದೊರೆ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಮಸ್ಕಿಯ ಬಂಡೆ ಅಶೋಕನೆಂಬ ಹೆಸರನ್ನೇ ಹೇಳಿ ಸಂಶಯವನ್ನು ನಿವಾರಿಸಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೊಳಗಳಲ್ಲಿಯೂ ಆ ಹೆಸರು ದೊರೆಯಿತು. ಮೊದಲ ಕೀರ್ತಿ ಮಾತ್ರ ಮಸ್ಕಿಯದೇ.

ಹಳೆಯ ವಸ್ತುಗಳನ್ನು ಕೂಡಿಡುವವರೆಲ್ಲ ಒಮ್ಮೆ ಈ ಬಂಡೆಯ ಮುಂದೆ ನಿಲ್ಲಬೇಕು. ವಸ್ತು ಎಷ್ಟೇ ಹಳೆಯದಾಗಿರಲಿ, ಅದು ಯಾರದು, ಯಾವ ಕಾಲದ್ದು ಎಂದು ಹೇಳುವ ಗುರುತಿಲ್ಲದಿದ್ದರೆ ಅದರ ಬೆಲೆ ಊಹೆಯ ಮೇಲೆ ನಿಲ್ಲುತ್ತದೆ. ವೈನಿನ ಸಂಗ್ರಾಹಕನು ಸೀಸೆಯ ಚೀಟಿಯನ್ನು, ಬಿರಡೆಯ ಮೇಲೆ ಸುಟ್ಟೊತ್ತಿದ ಅಕ್ಷರಗಳನ್ನು, ಕತ್ತಿನವರೆಗೆ ಎಷ್ಟು ರಸ ಉಳಿದಿದೆಯೆಂಬುದನ್ನು ನೋಡುವುದು ಇದಕ್ಕೇ. ಅದು ಈವರೆಗೆ ಯಾರ ಮನೆಯಲ್ಲಿತ್ತು, ಎಷ್ಟು ತಂಪಿನಲ್ಲಿತ್ತು ಎಂಬುದನ್ನು ಅವನು ಇನ್ನೂ ಹೆಚ್ಚಾಗಿ ಕೆದಕುತ್ತಾನೆ. ಪೋರ್ಚುಗಲ್ಲಿನಲ್ಲಿ ‘ಗರ್ರಫೈರ’ ಎಂಬ ಮಾತನ್ನು ಕೆಂಪು ವೈನಿನ ಚೀಟಿಯ ಮೇಲೆ ಬರೆಯಬೇಕಾದರೆ ಮೂವತ್ತು ತಿಂಗಳಾದರೂ ಅದು ಹಳತಾಗಿರಬೇಕು, ಅದರಲ್ಲಿ ಹನ್ನೆರಡು ತಿಂಗಳು ಸೀಸೆಯಲ್ಲಿ ಕಳೆದಿರಬೇಕು ಎಂಬುದು ಕಾನೂನು. ಕಾದದ್ದಕ್ಕೆ ಅಲ್ಲಿ ಬರವಣಿಗೆಯ ಸಾಕ್ಷಿಯಿದೆ.

ಹಗೇವು

ಮಸ್ಕಿಯಿಂದ ಸಿಂಧನೂರಿನ ಕಡೆಗೆ ಸಾಗುವಾಗ ದಾರಿಯ ಹಳ್ಳಿಯೊಂದರಲ್ಲಿ ಚಹಕ್ಕೆಂದು ನಿಂತೆವು. ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧರೊಬ್ಬರೊಡನೆ ಮಾತು ಹಗೇವಿನತ್ತ ಹೊರಳಿತು. ಹಗೇವೆಂದರೆ ಜೋಳವನ್ನು ಕೂಡಿಡಲು ನೆಲದಲ್ಲಿ ತೋಡಿದ ಗುಳಿ. ಬಾಯಿ ಕಿರಿದು, ಒಡಲು ಗಡಿಗೆಯಂತೆ ಅಗಲ, ಆಳು ಮುಳುಗುವಷ್ಟು ಆಳ. ನೀರು ನಿಲ್ಲದ ಎತ್ತರದ ನೆಲವನ್ನು ಆರಿಸಿ ತೋಡಿ, ಒಳಗೆ ಹುಲ್ಲನ್ನು ಹಾಸಿ, ಒಣಗಿದ ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು.

ಪೋರ್ಚುಗಲ್ಲಿನ ನೆಲಮಾಳಿಗೆಗೂ ಇದಕ್ಕೂ ತತ್ವ ಬೇರೆಯಲ್ಲ. ಕತ್ತಲೆ, ಏರಿಳಿಯದ ತಂಪು, ಗಾಳಿಯ ತಡೆ. ಒಳಗಿನ ಕಾಳು ಉಸಿರಾಡಿ ಅಲ್ಲಿದ್ದ ಪ್ರಾಣವಾಯುವನ್ನು ತಾನೇ ಮುಗಿಸುತ್ತದೆ, ಇಂಗಾಲಾಮ್ಲ ತುಂಬುತ್ತದೆ, ಹುಳುಗಳು ಸಾಯುತ್ತವೆ, ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಆ ಗಾಳಿ ಮನುಷ್ಯನಿಗೂ ಮೃತ್ಯುವೇ. ಹಗೇವಿನ ಬಾಯಿ ತೆರೆದು ಹೊತ್ತು ಕಳೆಯುವವರೆಗೆ ಕಾಯಬೇಕು, ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡಬೇಕು, ಆರಿದರೆ ಇಳಿಯಕೂಡದು. ಅವಸರದಿಂದ ಇಳಿದು ಪ್ರಾಣಬಿಟ್ಟವರ ಕಥೆಗಳು ಉತ್ತರ ಕರ್ನಾಟಕದಲ್ಲೆಲ್ಲ ಇವೆ. ಕೊಲಾರೆಶದ ಕೂಲಿಯ ತಲೆಯ ಬುಟ್ಟಿಯೂ ಎಡೆದೊರೆಯ ಕಂದೀಲೂ ಒಂದೇ ಅಂಜಿಕೆಯಿಂದ ಹುಟ್ಟಿದವು.

“ಹಗೇವಿನ ಜೋಳದ ರೊಟ್ಟಿ ಹೇಗಿರುತ್ತಿತ್ತು, ಯಜಮಾನರೆ?” ಎಂದು ಕೇಳಿದೆವು.

“ಮೊದ್ಲು ಒಂದೀಟು ವಾಸನಿ ಹೊಡೀತಿತ್ರಿ. ರೂಢಿ ಆದವ್ರಿಗೆ ಅದ ರುಚಿ. ಬ್ಯಾರೆ ಸೀಮಿಯವ್ರಿಗೆ ಸೇರ್ತಿದ್ದಿಲ್ಲ” ಎಂದರು.

“ಈಗ ಊರಿನಲ್ಲಿ ಎಷ್ಟಿವೆ?”

“ಎಲ್ಲದಾವ್ರೀ ಈಗ? ಕಾಲುವಿ ನೀರು ಬಂತು, ನೆಲಾ ಹಸಿ ಆತು, ಒಳಗಿಟ್ಟ ಜ್ವಾಳ ಬೂಸ್ಟು ಹಿಡೀಲಾಕ ಹತ್ತಿತು. ಒಂದೊಂದ ಮುಚ್ಚಿ ಬಿಟ್ವಿ. ಈಗ ನಮ್ಮ ಮೊಮ್ಮಕ್ಕಳಿಗೆ ಹಗೇವು ಅಂದ್ರ ಏನಂತ ಗೊತ್ತಿಲ್ರಿ.”

ಹಳೆಯ ವೈನಿನ ಮೊದಲ ವಾಸನೆಗೆ ಮುಖ ಸಿಂಡರಿಸುವ ಹೊಸಬರ ವಿಷಯದಲ್ಲಿ ಅಲ್ಲಿಯವರೂ ಇದೇ ಮಾತನ್ನು ಹೇಳುತ್ತಾರೆ. ಒಂದು ಅಂತರವನ್ನು ಮಾತ್ರ ಮರೆಯಲಾಗದು. ವೈನನ್ನು ಇಟ್ಟದ್ದು ರುಚಿಗಾಗಿ. ಜೋಳವನ್ನು ಇಟ್ಟದ್ದು ಹಸಿವಿಗಾಗಿ. ಮಳೆ ಕೈಕೊಟ್ಟರೆ ಮುಂದಿನ ವರ್ಷ ಬಾಯಿಗೆ ಬೀಳುವುದು ಹಗೇವಿನೊಳಗಿನದೇ. ೧೮೭೬ರಿಂದ ೧೮೭೮ರ ವರೆಗೆ ದಖ್ಖನವನ್ನು ನುಂಗಿದ ಮಹಾಕ್ಷಾಮವನ್ನು ನೆನೆದರೆ, ಹಗೇವುಳ್ಳ ಮನೆಗೂ ಇಲ್ಲದ ಮನೆಗೂ ಎಷ್ಟು ಅಂತರವಿದ್ದೀತೆಂದು ಊಹಿಸಬಹುದು.

ಸಿಂಧನೂರಿನ ಹಳೆ ಅಕ್ಕಿ

೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತಿತು. ಎಡದಂಡೆಯ ಕಾಲುವೆ ಬಂದ ಮೇಲೆ ಸಿಂಧನೂರಿನ ಸುತ್ತಿನ ಜೋಳದ ಹೊಲಗಳು ಗದ್ದೆಗಳಾದವು. ಕರಾವಳಿಯ ಆಂಧ್ರದಿಂದ ಬಂದ ರೈತರು ನೆಲಸಿದ ‘ಕ್ಯಾಂಪು’ಗಳು ದಾರಿಯುದ್ದಕ್ಕೂ ಹಬ್ಬಿದವು. ಈಗ ಸಿಂಧನೂರನ್ನು ಸಮೀಪಿಸುವವರನ್ನು ಎದುರುಗೊಳ್ಳುವುದು ಅಕ್ಕಿ ಗಿರಣಿಗಳ ಸಾಲು. ಸೋನಾ ಮಸೂರಿಯೆಂದು ಹೆಸರಾದ ಸಣ್ಣಕ್ಕಿ ಇಲ್ಲಿಂದ ನಮ್ಮ ನಿಮ್ಮ ಮನೆಗಳಿಗೆ ಬರುತ್ತದೆ.

ಹಗೇವು ಹೋದರೂ ಹಳತಾಗಿಸುವ ವಿದ್ಯೆ ಹೋಗಲಿಲ್ಲ. ನೆಲದ ಒಳಗಿನಿಂದ ಗೋದಾಮಿಗೆ ಏರಿತು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುವುದು, ವರ್ಷವಾದ ಅಕ್ಕಿಯ ಅನ್ನ ಬಿಡಿಬಿಡಿಯಾಗಿ ಅರಳುವುದು ಪ್ರತಿಯೊಬ್ಬ ಗೃಹಿಣಿಗೂ ತಿಳಿದ ಸಂಗತಿ. ಕಾಲ ಕಳೆದಂತೆ ಕಾಳಿನೊಳಗಿನ ಪಿಷ್ಟ, ಸಸಾರಜನಕ, ಕೊಬ್ಬುಗಳಲ್ಲಿ ಬದಲಾವಣೆಯಾಗಿ ಕಾಳು ಗಟ್ಟಿಗೊಳ್ಳುತ್ತದೆ. ಬೇಯುವಾಗ ಹೆಚ್ಚು ನೀರನ್ನು ಹೀರಿ ಹಿಗ್ಗುತ್ತದೆ; ಅಂಟು ಹೊರಗೆ ಬಿಡುವುದು ಕಡಮೆ. ಅಂಗಡಿಯ ಚೀಲದ ಮೇಲೆ ‘ಹಳೆ ಅಕ್ಕಿ’ ಎಂದಿದ್ದರೆ ನಾವು ಮರುಮಾತಿಲ್ಲದೆ ಹೆಚ್ಚು ಬೆಲೆ ತೆರುತ್ತೇವೆ.

ಆ ಹೆಚ್ಚಿನ ಬೆಲೆ ಯಾರದು? ಕಾಯುವುದಕ್ಕೆ ಗೋದಾಮು ಬೇಕು, ಕೀಟದ ಕಾವಲು ಬೇಕು, ಒಣಗಿ ಕಡಮೆಯಾಗುವ ತೂಕವನ್ನು ತಡೆದುಕೊಳ್ಳುವ ಶಕ್ತಿ ಬೇಕು, ಹೂಡಿದ ಹಣಕ್ಕೆ ಬಡ್ಡಿ ತೆರುವ ಚೈತನ್ಯ ಬೇಕು. ಗೊಬ್ಬರದ ಸಾಲ, ಕೊಯ್ಲಿನ ಯಂತ್ರದ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಇವು ತಲೆಯ ಮೇಲಿರುವ ಸಣ್ಣ ರೈತನು ಕಣದಿಂದಲೇ ಭತ್ತವನ್ನು ಮಾರುತ್ತಾನೆ. ಅವನು ಬೆಳೆದ ಕಾಳು ಬೇರೊಬ್ಬರ ಚಾವಣಿಯಡಿ ಹಳತಾಗಿ ಬೆಲೆ ಪಡೆಯುತ್ತದೆ. ಬಾರ್ಕ ವೆಲ್ಯವನ್ನು ಏಳೆಂಟು ವರ್ಷ ಇಟ್ಟುಕೊಳ್ಳಬಲ್ಲದ್ದು ದೊಡ್ಡ ಮನೆತನದ ವ್ಯಾಪಾರಸಂಸ್ಥೆಯೇ ಹೊರತು ದ್ರಾಕ್ಷಿ ಕೊಯ್ದ ಕೂಲಿಯಲ್ಲ. ಆದರೆ ಕೊಲಾರೆಶದ ಸಣ್ಣ ಬೆಳೆಗಾರರು ೧೯೩೧ರಲ್ಲಿ ಸಹಕಾರಿ ಮಾಳಿಗೆಯೊಂದನ್ನು ಕಟ್ಟಿಕೊಂಡರು. ಹಲವರ ದ್ರಾಕ್ಷಿ ಒಂದು ಚಾವಣಿಯಡಿ ಹಳತಾಯಿತು. ಅದು ಇಂದಿಗೂ ಇದೆ. ಅಕ್ಕಿಗೆ ಹೆಸರಾದ ಸಿಂಧನೂರು ಆ ಮಾಳಿಗೆಯ ಕಥೆಯನ್ನು ಕೇಳಬೇಕಾಗಿದೆ.

ಇತ್ತ ವೈನೂ ಎಡೆದೊರೆಯ ನೆರೆಗೆ ಬಂದಿದೆ. ಕರ್ನಾಟಕ ಸರ್ಕಾರ ೨೦೦೭ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿನ ನೀತಿಯನ್ನು ರೂಪಿಸಿತು. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಕ್ರಸ್ಮಾ ಎಂಬ ತೋಟದವರು ಕ್ಯಾಬರ್ನೆ ಸಾವಿನ್ಯೋನ್ ಮೊದಲಾದ ದ್ರಾಕ್ಷಿಗಳನ್ನು ಬೆಳೆದು, ಹಂಪಿ ಬೆಟ್ಟಗಳ ಹೆಸರಿನಲ್ಲಿ ಕೆಂಪು ವೈನನ್ನು ಹೊರತರುತ್ತಿದ್ದಾರೆ. ದೋರು ಕಣಿವೆಯಲ್ಲಿ ಮಂಜುಗಡ್ಡೆ ಮಾಡಿದ ಕೆಲಸವನ್ನು ಇಂತಹ ಕಡೆ ಯಂತ್ರದ ತಂಪು ಮಾಡುತ್ತದೆ.

ಸಿಂಧನೂರಿನಿಂದ ಹೊರಡುವ ಹೊತ್ತಿಗೆ ಸಂಜೆಯಾಗಿತ್ತು. ಗಿರಣಿಗಳ ಮುಂದೆ ಭತ್ತದ ಚೀಲಗಳನ್ನು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ರೈತರು ಚೀಲಗಳ ಮೇಲೆಯೇ ಕುಳಿತು, ಇಂದಿನ ಧಾರಣೆ ಎಷ್ಟೆಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಮರುದಿನದವರೆಗೆ ಕಾಯೋಣವೆಂದು ಅವರಲ್ಲಿ ಯಾರೂ ಹೇಳಿದ್ದು ಕೇಳಿಸಲಿಲ್ಲ.